ಡಿಸ್ಕ್ ಬ್ರೇಕಿನ ಮೂಲಪುರುಷ ಲ್ಯಾಂಚೆಸ್ಟರ್

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಸಾಗುವ ರಸ್ತೆಯ ಬದಿಯ ಗ್ಯಾರೇಜೊಂದರಲ್ಲಿ ಸ್ವಲ್ಪ ಹೊತ್ತು ನಿಂತರೆ ಬೈಕ್ ಸವಾರರ ಸಾಮಾನ್ಯ ದೂರೊಂದು ಕಿವಿಗೆ ಬೀಳುತ್ತದೆ. ಮುಂದಿನ ಬ್ರೇಕ್ ಹಿಡಿದರೆ ಹ್ಯಾಂಡಲ್ ನಡುಗುತ್ತದೆ, ಇಲ್ಲವೇ ಕಿರ್ರೆಂದು ಸದ್ದು ಬರುತ್ತದೆ. ಮೆಕ್ಯಾನಿಕ್ ಚಕ್ರವನ್ನೆತ್ತಿ ತಿರುಗಿಸುತ್ತ, ತೂತುಗಳಿರುವ ಉಕ್ಕಿನ ಡಿಸ್ಕ್ ಪ್ಲೇಟನ್ನು ದಿಟ್ಟಿಸುತ್ತಾನೆ. ಅದೇ ಹೊತ್ತಿಗೆ, 2008ರಲ್ಲಿ ಕಾರ್ಯಾರಂಭ ಮಾಡಿದ ದೇವನಹಳ್ಳಿಯ ವಿಮಾನ ನಿಲ್ದಾಣದತ್ತ ಇಳಿಯುವ ವಿಮಾನವೊಂದು ತಲೆಯ ಮೇಲೆ ಹಾದುಹೋಗುತ್ತದೆ. ಕೆಳಗಿನ ಆ ತಟ್ಟೆಗೂ ಮೇಲಿನ ಆ ರೆಕ್ಕೆಗೂ ಏನು ನಂಟು ಎಂದು ಯಾರಿಗಾದರೂ ಅನ್ನಿಸಬಹುದು. ನಂಟು ಉಂಟು. ಎರಡರ ಚರಿತ್ರೆಯಲ್ಲೂ ಒಬ್ಬನೇ ಎಂಜಿನಿಯರನ ಹೆಸರು ಬರುತ್ತದೆ. ಆತ ಇಂಗ್ಲೆಂಡಿನ ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರ್.

1868ರ ಅಕ್ಟೋಬರ್ 23ರಂದು ಲಂಡನ್ನಿನ ಲೂಯಿಶಾಮಿನಲ್ಲಿ ಲ್ಯಾಂಚೆಸ್ಟರ್ ಜನಿಸಿದ. ತಂದೆ ವಾಸ್ತುಶಿಲ್ಪಿ. ಅಣ್ಣ ಹೆನ್ರಿ ಕೂಡ ಅದೇ ವೃತ್ತಿ ಹಿಡಿದ; ಜೋಧಪುರದ ಉಮೈದ್ ಭವನ ಅರಮನೆ ಆತನದೇ ವಿನ್ಯಾಸ. ಫ್ರೆಡರಿಕ್‌ನ ಮನಸ್ಸು ಮಾತ್ರ ಯಂತ್ರಗಳತ್ತ ವಾಲಿತು. ಸೌತಾಂಪ್ಟನ್ನಿನಲ್ಲಿಯೂ ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿಯೂ ಓದಿದ ಆತ ಪದವಿಯಿಲ್ಲದೆಯೇ ಹೊರಬಂದ. ಬರ್ಮಿಂಗ್‌ಹ್ಯಾಮಿನ ಗ್ಯಾಸ್ ಎಂಜಿನ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಎಂಜಿನ್ನಿನ ವೇಗವನ್ನು ಹತೋಟಿಯಲ್ಲಿಡುವ ಸಾಧನಗಳಿಗೆ ಪೇಟೆಂಟ್ ಪಡೆದ. ಇಪ್ಪತ್ತರ ಹರೆಯದಲ್ಲಿಯೇ ಅಷ್ಟು ಹೆಸರು ಬಂದಿತ್ತು.

1896ರ ಆರಂಭದಲ್ಲಿ ಆತನ ಮೊದಲ ಕಾರು ರಸ್ತೆಗಿಳಿಯಿತು. ಆ ಕಾಲದ ಬಹುತೇಕ ಮೋಟಾರು ವಾಹನಗಳು ಕುದುರೆ ಬಿಚ್ಚಿ ಎಂಜಿನ್ ಕೂರಿಸಿದ ಸಾರೋಟುಗಳಂತಿದ್ದವು. ಲ್ಯಾಂಚೆಸ್ಟರ್ ಹಾಗೆ ಮಾಡಲಿಲ್ಲ. ಚೌಕಟ್ಟು, ಗೇರು, ಸ್ಪ್ರಿಂಗು, ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಿ ರೂಪಿಸಿದ. 1899ರ ಡಿಸೆಂಬರಿನಲ್ಲಿ ತಮ್ಮಂದಿರಾದ ಜಾರ್ಜ್ ಮತ್ತು ಫ್ರಾಂಕ್ ಅವರೊಡಗೂಡಿ ಬರ್ಮಿಂಗ್‌ಹ್ಯಾಮಿನ ಸ್ಪಾರ್ಕ್‌ಬ್ರೂಕಿನಲ್ಲಿ ಕಂಪನಿ ತೆರೆದ.

ಆ ಕಾರ್ಖಾನೆಯಲ್ಲಿ ಆತ ಹಿಡಿದ ಒಂದು ಹಟ ನಮ್ಮ ಇಂದಿನ ವಿಷಯಕ್ಕೆ ಬಹಳ ಹತ್ತಿರದ್ದು. ಆಗಿನ ಕೆಲಸಗಾರ ಒಂದು ಬಿಡಿಭಾಗವನ್ನು ಇನ್ನೊಂದಕ್ಕೆ ಕೂಡಿಸಬೇಕಾದರೆ ಅರ ಹಿಡಿದು ಉಜ್ಜಿ ಉಜ್ಜಿ ಹೊಂದಿಸುತ್ತಿದ್ದ. ಒಂದು ಕಾರಿನ ಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಲ್ಯಾಂಚೆಸ್ಟರ್ ತನ್ನದೇ ಗೇಜುಗಳನ್ನು ಮಾಡಿಸಿ, ಅಳತೆಗೆ ಸರಿಹೊಂದಿದ ಭಾಗ ಯಾವ ಕಾರಿಗಾದರೂ ಕೂರಲೇಬೇಕೆಂದು ಪಟ್ಟು ಹಿಡಿದ. ಕಣ್ಣಳತೆಯನ್ನು ಆತ ನಂಬುತ್ತಿರಲಿಲ್ಲ.

ಡಿಸ್ಕ್ ಬ್ರೇಕಿನ ಪೇಟೆಂಟ್ 1902ರದು. ಆ ದಿನಗಳಲ್ಲಿ ಚಕ್ರಕ್ಕೆ ಕಟ್ಟೆಯೊತ್ತಿ ಅಥವಾ ಪಟ್ಟಿ ಬಿಗಿದು ಗಾಡಿ ನಿಲ್ಲಿಸುವುದು ರೂಢಿ. ಲ್ಯಾಂಚೆಸ್ಟರ್ ಹಿಂದಿನ ಚಕ್ರಕ್ಕೆ ತೆಳುವಾದ ಲೋಹದ ತಟ್ಟೆಯೊಂದನ್ನು ಬಿಗಿದು, ಅದರ ಅಂಚನ್ನು ಇಕ್ಕಳದಂತೆ ಎರಡೂ ಕಡೆಯಿಂದ ಹಿಡಿಯುವ ಏರ್ಪಾಡು ಮಾಡಿದ. ಎರಡು ಬದಿಯ ಒತ್ತಡ ಸಮನಾಗಿರುವುದರಿಂದ ಚಕ್ರ ಪಕ್ಕಕ್ಕೆ ತಳ್ಳಲ್ಪಡುವುದಿಲ್ಲ. ತಟ್ಟೆ ಬಯಲಿನಲ್ಲೇ ತಿರುಗುವುದರಿಂದ ಬಿಸಿಯೂ ಬೇಗ ಆರುತ್ತದೆ. ಆದರೆ ಇದಕ್ಕೊಂದು ಷರತ್ತು ಉಂಟು. ಇಕ್ಕಳದ ಎರಡು ದವಡೆಗಳ ನಡುವೆ ತಟ್ಟೆ ಓಲಾಡದೆ ನೇರವಾಗಿ ತಿರುಗಬೇಕು.

ದೊಡ್ಡಬಳ್ಳಾಪುರದ ಗ್ಯಾರೇಜಿನಲ್ಲೂ ಆ ಷರತ್ತು ಬದಲಾಗಿಲ್ಲ. ಬೈಕಿನ ಡಿಸ್ಕ್ ಹೆಚ್ಚೆಂದರೆ 4-5 ಮಿ.ಮೀ. ದಪ್ಪ, ಅದು ಪಕ್ಕಕ್ಕೆ ಓಲಾಡಬಹುದಾದ ಮಿತಿ ಸಾಮಾನ್ಯವಾಗಿ 0.3 ಮಿ.ಮೀ. ಆಸುಪಾಸು. ಇದು ಬರಿಗಣ್ಣಿಗೆ ಖಚಿತವಾಗಿ ಸಿಕ್ಕುವ ಅಳತೆಯಲ್ಲ, ಡಯಲ್ ಗೇಜ್ ಇಟ್ಟು ಚಕ್ರವನ್ನು ನಿಧಾನವಾಗಿ ತಿರುಗಿಸಿ ನೋಡಬೇಕು. ಬೆಂಡ್ ಆಗಿದೆ ಎಂದು ಎಸೆಯುವ ಎಷ್ಟೋ ಡಿಸ್ಕ್‌ಗಳಲ್ಲಿ ದೋಷ ಬೇರೆಯೇ ಇರುತ್ತದೆ. ಹಬ್ಬಿನ ಮೇಲೆ ಡಿಸ್ಕ್ ಕೂರುವ ಜಾಗದಲ್ಲಿ ತುಕ್ಕೋ ಹಳೆಯ ಬಣ್ಣವೋ ಉಳಿದಿದ್ದರೆ ಹೊಸ ಡಿಸ್ಕ್ ಕೂಡ ಓರೆಯಾಗಿಯೇ ಕೂರುತ್ತದೆ. ಬೋಲ್ಟುಗಳನ್ನು ಒಂದರ ಪಕ್ಕ ಒಂದರಂತೆ ಒಮ್ಮೆಗೇ ಬಿಗಿಯದೆ, ಎದುರು ಬದುರಾಗಿ ಎರಡು ಮೂರು ಸುತ್ತಿನಲ್ಲಿ, ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಅದನ್ನು ನೋಡಿ ಕೂರಿಸಬೇಕು. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆಯನ್ನು ಪೂರ್ತಿ ತೆಗೆಯದಿದ್ದರೆ ಅದು ಪ್ಯಾಡಿಗೆ ಇಳಿದು, ಬೇಕಾದ ಹೊತ್ತಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ. ನೆಲಮಂಗಲದ ಬಳಿ ಲಾರಿಗಳ ನಡುವೆ ಸಾಗುವ ಬೈಕಿಗೆ ಇದು ಸಣ್ಣ ಮಾತಲ್ಲ. ಅಂಗಡಿಯಲ್ಲಿ ಹತ್ತು ನಿಮಿಷ ಉಳಿಸಲು ಹೋಗಿ ಹೆದ್ದಾರಿಯಲ್ಲಿ ಹತ್ತು ಅಡಿ ಕಳೆದುಕೊಳ್ಳುವ ವ್ಯವಹಾರ ಯಾರಿಗೂ ಬೇಡ.

ಲ್ಯಾಂಚೆಸ್ಟರನ ತಟ್ಟೆ ಸೋತದ್ದು ವಿನ್ಯಾಸದಲ್ಲಲ್ಲ, ಸಾಮಗ್ರಿಯಲ್ಲಿ. ಉಜ್ಜಿಕೊಳ್ಳುವ ಪ್ಯಾಡಿಗೆ ಆತನ ಕೈಗೆ ಸಿಕ್ಕಿದ್ದು ತಾಮ್ರ. ಲೋಹಕ್ಕೆ ಲೋಹ ಉಜ್ಜಿ ಬ್ರೇಕ್ ಕಿರುಚುತ್ತಿತ್ತು. ಅಂದಿನ ಮಣ್ಣುರಸ್ತೆಗಳ ಧೂಳು ಸೇರಿ ತಾಮ್ರ ಬೇಗನೆ ಸವೆಯುತ್ತಿತ್ತು. ಕೆಲವು ವರ್ಷಗಳ ಬಳಿಕ ಹರ್ಬರ್ಟ್ ಫ್ರೂಡ್ ಕಲ್ನಾರಿನ ಲೈನಿಂಗ್ ತಂದು ಸದ್ದಿನ ಸಮಸ್ಯೆಗೆ ಪರಿಹಾರ ಕಂಡ. ಕಲ್ನಾರು ಶ್ವಾಸಕೋಶಕ್ಕೆ ವಿಷವೆಂಬುದು ಮುಂದೆ ಗೊತ್ತಾದ ಸಂಗತಿ. ಆದರೆ ಅಷ್ಟರಲ್ಲಿ ಲೋಕ ಡ್ರಮ್ ಬ್ರೇಕಿಗೆ ಒಗ್ಗಿಕೊಂಡಿತ್ತು. ಲ್ಯಾಂಚೆಸ್ಟರನ ಕಂಪನಿಯೂ ಅಷ್ಟರಲ್ಲಿ ಪೆಟ್ಟು ತಿಂದಿತ್ತು. ಕಾರಿಗೆ ಬೇಡಿಕೆಯಿದ್ದರೂ ಬಂಡವಾಳ ಸಾಲದೆ 1904ರಲ್ಲಿ ಅದು ಸಾಲಗಾರರ ಪರವಾದ ಆಡಳಿತಾಧಿಕಾರಿಯ ಕೈಸೇರಿತು. ಹೊಸ ಹೆಸರಿನಲ್ಲಿ ಮತ್ತೆ ನಿಂತಿತಾದರೂ ಫ್ರೆಡರಿಕ್ ಕ್ರಮೇಣ ಸಲಹೆಗಾರನಾಗಿ ಬದಿಗೆ ಸರಿದ. 1909ರಿಂದ ಡೈಮ್ಲರ್ ಕಂಪನಿಗೂ ಸಲಹೆಗಾರನಾದ. ಎಂಜಿನ್ನಿನ ನಡುಕ ತಗ್ಗಿಸಲು ಆತ ರೂಪಿಸಿದ ಬ್ಯಾಲೆನ್ಸರ್ ತತ್ವ ಇಂದಿನ ಹಲವು ಮೋಟಾರ್ ಸೈಕಲ್ಲುಗಳಲ್ಲಿ ಬಳಕೆಯಲ್ಲಿದೆ.

ವಿಮಾನದ ಕಥೆಯೂ ಹೀಗೆಯೇ. ರೈಟ್ ಸಹೋದರರು ಹಾರುವುದಕ್ಕೆ ಒಂಬತ್ತು ವರ್ಷ ಮೊದಲೇ, 1894ರಲ್ಲಿ, ರೆಕ್ಕೆಗೆ ಎತ್ತುವ ಬಲ ಬರುವ ಬಗೆಯನ್ನು ಕುರಿತು ಆತ ಬರ್ಮಿಂಗ್‌ಹ್ಯಾಮಿನ ಸಭೆಯೊಂದರಲ್ಲಿ ಉಪನ್ಯಾಸ ನೀಡಿದ್ದ. 1897ರಲ್ಲಿ ಅದನ್ನೇ ಪ್ರಬಂಧವಾಗಿ ಕಳುಹಿಸಿದಾಗ ಲಂಡನ್ನಿನ ಫಿಸಿಕಲ್ ಸೊಸೈಟಿ ತಿರಸ್ಕರಿಸಿತು. 1907 ಮತ್ತು 1908ರಲ್ಲಿ ಎರಡು ಸಂಪುಟಗಳಾಗಿ ತನ್ನ ಸಿದ್ಧಾಂತವನ್ನು ಪ್ರಕಟಿಸಿದ. ರೆಕ್ಕೆಯ ತುದಿಯಲ್ಲಿ ಗಾಳಿ ಸುಳಿಯಾಗಿ ಹಿಂದೆ ಹರಿಯುವುದನ್ನು ಅದರಲ್ಲಿ ವಿವರಿಸಿದ್ದ. ಅದೇ ವಿಚಾರವನ್ನು ಗಣಿತದ ಚೌಕಟ್ಟಿಗೆ ಒಗ್ಗಿಸಿದ ಜರ್ಮನಿಯ ಪ್ರಾಂಟ್ಲ್ ಹೆಚ್ಚು ಪ್ರಸಿದ್ಧನಾದ. ಲ್ಯಾಂಚೆಸ್ಟರನ ಬರಹ ಓದಲು ಕಷ್ಟ, ಪಾರಿಭಾಷಿಕ ಪದಗಳೂ ಆತನವೇ. ಅನ್ಯಾಯವಾಯಿತೆಂದು ಹೇಳುವಾಗ ಇದನ್ನೂ ಹೇಳಬೇಕು.

ಗೌರವಗಳೇನೋ ಬಂದವು. 1922ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1931ರಲ್ಲಿ ಗುಗೆನ್‌ಹೈಮ್ ಪದಕ. ಅದೇ ವರ್ಷ, ಆತನ ಹೆಸರಿನ ಕಾರು ಕಂಪನಿಯನ್ನು ಮೋಟಾರ್ ಸೈಕಲ್ಲುಗಳಿಗೆ ಹೆಸರಾದ ಬಿಎಸ್ಎ ಕೊಂಡುಕೊಂಡಿತು. ಹಣ ಮಾತ್ರ ಕೈ ಹಿಡಿಯಲಿಲ್ಲ. 1919ರಲ್ಲಿ ಡೊರೊತಿಯಾ ಕೂಪರಳನ್ನು ವಿವಾಹವಾಗಿದ್ದ ಆತ ಮುಪ್ಪಿನಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ತುತ್ತಾಗಿ, ದೃಷ್ಟಿಯನ್ನೂ ಕಳೆದುಕೊಂಡ. ಅಳತೆಗೆ ಅಷ್ಟು ಬೆಲೆ ಕೊಟ್ಟವನ ಕೈ ನಡುಗತೊಡಗಿತ್ತು. ಕೊನೆಯ ವರ್ಷಗಳು ಅನ್ಯರ ಧರ್ಮಾರ್ಥ ನೆರವಿನಲ್ಲಿ ಕಳೆದವು. 1946ರ ಮಾರ್ಚ್ 8ರಂದು ಬರ್ಮಿಂಗ್‌ಹ್ಯಾಮಿನ ತನ್ನ ಮನೆಯಲ್ಲಿ ತೀರಿಕೊಂಡ.

ಏಳು ವರ್ಷಗಳ ನಂತರ, 1953ರಲ್ಲಿ, ಡಿಸ್ಕ್ ಬ್ರೇಕ್ ಅಳವಡಿಸಿದ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ಸ್ ಪಂದ್ಯ ಗೆದ್ದಿತು. 1955ರಲ್ಲಿ ಸಿಟ್ರೋಯೆನ್ ಅದನ್ನು ಸಾಮಾನ್ಯ ಕಾರಿಗೆ ತಂದಿತು, 1969ರಲ್ಲಿ ಹೋಂಡಾ ತನ್ನ ಸಿಬಿ 750 ಬೈಕಿನ ಮುಂದಿನ ಚಕ್ರಕ್ಕೆ ತೊಡಿಸಿತು. ನಮ್ಮಲ್ಲಿಗೆ ಬರಲು ಇನ್ನೂ ಹೊತ್ತಾಯಿತು. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳ ತಲೆಮಾರು ಡ್ರಮ್ ಬ್ರೇಕಿನಲ್ಲೇ ಕಳೆಯಿತು. 1999ರ ಹೀರೋ ಹೋಂಡಾ ಸಿಬಿಝಡ್, 2001ರ ಬಜಾಜ್ ಪಲ್ಸರ್ ಬಂದ ಮೇಲೆಯೇ ಡಿಸ್ಕ್ ಪ್ಲೇಟ್ ಎಂಬ ಮಾತು ದೊಡ್ಡಬಳ್ಳಾಪುರ, ಹೊಸಕೋಟೆಗಳ ಗ್ಯಾರೇಜುಗಳಲ್ಲಿ ಬಳಕೆಗೆ ಬಂದದ್ದು. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿ, ಚಕ್ರದ ವೇಗ ಅಳೆಯುವ ಸಣ್ಣ ಉಂಗುರವೊಂದು ಡಿಸ್ಕಿನ ಪಕ್ಕದಲ್ಲಿ ಬಂದು ಕೂತಿದೆ. ಡಿಸ್ಕ್ ಬದಲಿಸುವಾಗ ಅದಕ್ಕೂ ಪೆಟ್ಟಾಗದಂತೆ ನೋಡಿಕೊಳ್ಳಬೇಕು.