ಹಳ್ಳಿಗೆ ಟಿವಿ ತಂದ ಸಾರಾಭಾಯಿ ಅದನ್ನು ನೋಡಲೇ ಇಲ್ಲ

ಬೆಂಗಳೂರಿಗೆ ಟಿವಿ ಬಂದದ್ದು 1981ರಲ್ಲಿ. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಬಂದದ್ದು 1975ರ ಆಗಸ್ಟ್ 1ರಂದು. ಅಚ್ಚಿನ ತಪ್ಪಲ್ಲ ಓದುಗರೇ, ಇನ್ನೊಮ್ಮೆ ಓದಿಕೊಳ್ಳಿ. ಎಲ್ಲದಕ್ಕೂ ಹಿಂದುಳಿದವರು ಅನ್ನಿಸಿಕೊಂಡ ನಮ್ಮ ಕಡೆಯ ಜನ ಒಂದು ವಿಷಯದಲ್ಲಾದರೂ ರಾಜಧಾನಿಗಿಂತ ಆರು ವರ್ಷ ಮುಂದಿದ್ದರು. ಬಸ್ಸಿನಲ್ಲಿ ಕೂತು ಅಂಗೈಯಷ್ಟು ಫೋನಿನಲ್ಲಿ ಕ್ರಿಕೆಟ್ ನೋಡೋ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ.

ಆ ಟಿವಿಯ ಹಿಂದೆ ಇದ್ದವರು ವಿಕ್ರಮ್ ಸಾರಾಭಾಯಿ. ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನ ಗಿರಣಿ ಮಾಲೀಕರ ಮನೆಯಲ್ಲಿ. ಮೂರು ತಲೆಮಾರು ಕೂತು ಉಣ್ಣುವಷ್ಟು ಆಸ್ತಿ. ಓದಲಿಕ್ಕೆ ಕೇಂಬ್ರಿಜ್‌ಗೆ ಹೋದರು. ಮಹಾಯುದ್ಧ ಶುರುವಾಯ್ತು, ವಾಪಸ್ ಬಂದರು. ಬಂದವರು ನೇರ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಸರ್ ಸಿ.ವಿ. ರಾಮನ್ ಅವರ ಕೈಕೆಳಗೆ. ಬಾಹ್ಯಾಕಾಶದಿಂದ ಬಂದು ಬೀಳುವ ವಿಶ್ವಕಿರಣಗಳ ಅಧ್ಯಯನ ಶುರುಮಾಡಿದ್ದು ಅಲ್ಲೇ. 1942ರಲ್ಲಿ ನೃತ್ಯ ಕಲಾವಿದೆ ಮೃಣಾಲಿನಿ ಅವರನ್ನು ಮದುವೆಯಾದರು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್, 1947ರಲ್ಲಿ ಡಾಕ್ಟರೇಟು. ಅದೇ ವರ್ಷ ಅಹಮದಾಬಾದಿನಲ್ಲಿ ಭೌತಶಾಸ್ತ್ರ ಪ್ರಯೋಗಾಲಯ ಕಟ್ಟಿದರು.

ಮುಂದೆ ಕೇರಳದ ತುಂಬಾ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಆ ಮೀನುಗಾರರ ಊರಿನ ಹತ್ತಿರವೇ ಹಾದುಹೋಗ್ತದೆ. ಊರವರು ತಮ್ಮ ಚರ್ಚನ್ನೇ ಬಿಟ್ಟುಕೊಟ್ಟರು, ಅದು ಆಫೀಸಾಯಿತು. ರಾಕೆಟ್ಟಿನ ಭಾಗಗಳನ್ನು ಸೈಕಲ್ ಮೇಲೆ ಸಾಗಿಸಿದ ಕಾಲ ಅದು. 1963ರ ನವೆಂಬರ್ 21ರಂದು ಅಲ್ಲಿಂದ ಹಾರಿದ ಮೊದಲ ರಾಕೆಟ್ ಮಾತ್ರ ನಮ್ಮದಲ್ಲ, ಅಮೆರಿಕದ್ದು. ಒಳಗಿನ ಉಪಕರಣ ಫ್ರಾನ್ಸಿನದು. ಸಾರಾಭಾಯಿ ಇದಕ್ಕೆ ನಾಚಿಕೊಳ್ಳಲಿಲ್ಲ. ಪಕ್ಕದ ಅಂಗಡಿಯಿಂದ ತಕ್ಕಡಿ ಎರವಲು ತಂದು ವ್ಯಾಪಾರ ಶುರು ಮಾಡಿದವರು ಊರಲ್ಲಿ ಎಷ್ಟು ಜನ ಇಲ್ಲ? ತಕ್ಕಡಿ ಯಾರದ್ದಾದರೇನು, ತೂಗುವ ಕೈ ನಮ್ಮದಾದರೆ ಸಾಕು ಅನ್ನೋ ಲೆಕ್ಕ ಅವರದು.

ಊಟಕ್ಕೆ ಗತಿಯಿಲ್ಲದ ದೇಶಕ್ಕೆ ರಾಕೆಟ್ ಯಾಕೆ ಅಂತ ಕೇಳಿದವರು ಬಹಳ. ಕೇಳಿದ್ದು ತಪ್ಪೂ ಅಲ್ಲ. ಸಾರಾಭಾಯಿ ಚಂದ್ರನ ಮೇಲೆ ಇಳಿಯೋ ಮಾತು ಆಡಲಿಲ್ಲ, ಹಳ್ಳಿ ತೋರಿಸಿದರು. 1967ರ ಜನವರಿ 26ರಿಂದ ದಿಲ್ಲಿ ಸುತ್ತಿನ 80 ಹಳ್ಳಿಗಳಲ್ಲಿ ಟಿವಿ ಇಟ್ಟು ರೈತರಿಗೆ ಬೇಸಾಯದ ಕಾರ್ಯಕ್ರಮ ತೋರಿಸಿದ ಪ್ರಯೋಗಕ್ಕೆ ಅವರದೇ ಒತ್ತಾಸೆ. ಆದರೆ ಗೋಪುರ ಕಟ್ಟಿ ದೇಶಕ್ಕೆಲ್ಲ ಟಿವಿ ಮುಟ್ಟಿಸಲು ದಶಕಗಳೇ ಬೇಕು. ಉಪಗ್ರಹವಾದರೆ ಒಂದೇ ಸಲಕ್ಕೆ ಎಲ್ಲ ಕಡೆಗೂ ಮುಟ್ಟುತ್ತದೆ. ನಮ್ಮ ಹತ್ತಿರ ಉಪಗ್ರಹ ಎಲ್ಲಿತ್ತು? ಅಮೆರಿಕದ ಹತ್ತಿರ ಒಂದು ತಯಾರಾಗುತ್ತಿತ್ತು.

1969ರ ಸೆಪ್ಟೆಂಬರಿನಲ್ಲಿ ನಮ್ಮ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾಕ್ಕೂ ಕರಾರು ಆಯಿತು. ಇಲಾಖೆಯ ಮುಖ್ಯಸ್ಥರು ಆಗ ಸಾರಾಭಾಯಿಯವರೇ. ಕರಾರನ್ನು ಅಂಗಡಿಕಾರರು ಗಮನಿಸಬೇಕು. ಉಪಗ್ರಹ ಅವರದು, ಒಂದು ವರ್ಷದ ಮಟ್ಟಿಗೆ. ನೆಲದ ಮೇಲಿನದೆಲ್ಲ ನಮ್ಮದು: ಭೂಕೇಂದ್ರ, ಟಿವಿ ಪೆಟ್ಟಿಗೆ, ರಿಪೇರಿ, ಕಾರ್ಯಕ್ರಮ. ಬಾಡಿಗೆ ಇಲ್ಲ, ಅವರವರ ಖರ್ಚು ಅವರವರಿಗೆ. ಅಮೆರಿಕದವರಿಗೇನು ಲಾಭ? ತಮ್ಮ ಹೊಸ ಯಂತ್ರ ಸಾವಿರಾರು ಹಳ್ಳಿಗಳಿಗೆ ನೇರ ಚಿತ್ರ ಕಳಿಸಬಲ್ಲದೋ ಇಲ್ಲವೋ ಎಂಬ ಪರೀಕ್ಷೆ ನಮ್ಮ ನೆಲದ ಮೇಲೆ ಆಯಿತು. ಧರ್ಮಕ್ಕೆ ಕೊಟ್ಟದ್ದಲ್ಲ ಅನ್ನೋದು ಸಾರಾಭಾಯಿಗೆ ಚೆನ್ನಾಗಿ ಗೊತ್ತಿತ್ತು. ವ್ಯಾಪಾರಸ್ಥರ ಮನೆಯ ಮಗ ಅಲ್ಲವೇ!

ಕರಾರು ಮಾಡಿದವರಿಗೆ ಫಲ ನೋಡುವ ಯೋಗ ಇರಲಿಲ್ಲ. ತುಂಬಾದ ಕೆಲಸಕ್ಕೆಂದು ಬಂದವರು 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 52.

ಕೆಲಸ ನಿಲ್ಲಲಿಲ್ಲ. ಎಟಿಎಸ್-6 ಅನ್ನೋ ಆ ಉಪಗ್ರಹ 1974ರ ಮೇ 30ರಂದು ಮೇಲೇರಿತು. ಅದರ ಬೆನ್ನಿಗೆ 30 ಅಡಿ ಅಗಲದ ಕೊಡೆ. ಅಷ್ಟು ದೊಡ್ಡ ಕೊಡೆ ಮೇಲಿದ್ದ ಕಾರಣ ಕೆಳಗೆ ಸಣ್ಣದು ಸಾಕಾಯಿತು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಹತ್ತು ಅಡಿಯ ಛತ್ರಿ ಮಾಡಿದರು ನಮ್ಮ ಎಂಜಿನಿಯರುಗಳು. ಪೆಟ್ಟಿಗೆಗಳು ಹೈದರಾಬಾದಿನ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಅವನ್ನು ಇಟ್ಟರು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರಿಗೆಲ್ಲ. ನಮ್ಮ ಮೂರು ಜಿಲ್ಲೆಗೆ ಕನ್ನಡದಲ್ಲೇ.

ಎಲ್ಲ ಚೆನ್ನಾಗಿತ್ತು ಅಂತ ಬರೆದರೆ ಸುಳ್ಳಾಗ್ತದೆ. ಟಿವಿ ಶುರುವಾಗುವ ಹೊತ್ತಿಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಬಂದು ಐದು ವಾರ ಆಗಿತ್ತು. ಕಾರ್ಯಕ್ರಮ ಮಾಡಿದ್ದು ಬಹುಪಾಲು ಆಕಾಶವಾಣಿ, ಅಂದರೆ ಸರ್ಕಾರ. ಇನ್ನು 1976ರ ಜುಲೈ 31ಕ್ಕೆ ಕರಾರು ಮುಗಿಯಿತು. ಅಮೆರಿಕದವರು ಉಪಗ್ರಹವನ್ನು ಆಕಾಶದಲ್ಲೇ ತಮ್ಮ ಕಡೆ ಸರಿಸಿಕೊಂಡರು. ಮಾತಿನಂತೆ ನಡೆದುಕೊಂಡರು, ಅವರನ್ನು ದೂರುವಂತಿಲ್ಲ. ದೂರಬೇಕಾದದ್ದು ನಮ್ಮವರನ್ನೇ. ವರ್ಷವಿಡೀ ತೋರಿಸಿ ರುಚಿ ಹತ್ತಿಸಿದ ಮೇಲೆ ಮುಂದೇನು ಅನ್ನೋದಕ್ಕೆ ಸರಿಯಾದ ತಯಾರಿ ಇರಲಿಲ್ಲ. 1977ರಲ್ಲಿ ಗುಲ್ಬರ್ಗಕ್ಕೆ ಪ್ರಸಾರ ಗೋಪುರ ಬಂತು, ಸುತ್ತಲಿನ ಊರುಗಳಿಗೆ ಅನುಕೂಲ ಆಯಿತು. ದೂರದ ಹಳ್ಳಿಗಳಲ್ಲಿ ಪೆಟ್ಟಿಗೆ ಇತ್ತು, ಚಿತ್ರ ಇರಲಿಲ್ಲ.

ಉಳಿದದ್ದು ಕೆಲಸ ಕಲಿತ ಜನ. 1983ರಲ್ಲಿ ಇನ್ಸಾಟ್-1ಬಿ ಮೇಲೇರಿದಾಗ ನೆಲದ ಮೇಲಿನ ವಿದ್ಯೆ ನಮ್ಮವರಿಗೆ ಹೊಸದಾಗಿರಲಿಲ್ಲ. ಆ ಉಪಗ್ರಹವನ್ನು ಕಟ್ಟಿದವರು, ಹಾರಿಸಿದವರು ಅಮೆರಿಕದವರೇ, ಆದರೆ ಯಜಮಾನಿಕೆ ನಮ್ಮದು, ವರ್ಷಕ್ಕೆ ಬಿಟ್ಟುಕೊಡುವ ಮಾತಿಲ್ಲ.

2025ರ ಜುಲೈ 30ರಂದು ನಿಸಾರ್ ಅನ್ನೋ ಉಪಗ್ರಹ ಶ್ರೀಹರಿಕೋಟಾದಿಂದ ಹೋಯಿತು. ಎರಡು ರಾಡಾರುಗಳಲ್ಲಿ ಒಂದು ನಾಸಾದ್ದು, ಒಂದು ಇಸ್ರೋದ್ದು. ಹೊತ್ತೊಯ್ದ ರಾಕೆಟ್ ಈ ಸಲ ನಮ್ಮದು.