ಲೀಸ ಮೈಟ್ನರ್

ವಿಕಿರಣಶೀಲತೆ ಎಂದೊಡನೆ ನಮಗೆಲ್ಲ ನೆನಪಾಗುವುದು ಮೇಡಂ ಕ್ಯೂರಿಯವರ ಹೆಸರು. ಅದು ನ್ಯಾಯವೇ. ಆದರೆ ಯುರೇನಿಯಂ ಪರಮಾಣು ಇಬ್ಭಾಗವಾಗುವುದೆಂದು ಲೆಕ್ಕಹಾಕಿ ತೋರಿಸಿದ ಇನ್ನೊಬ್ಬ ಮಹಿಳೆಯನ್ನು ನೆನೆಯುವವರು ಕಡಿಮೆ. ಆಕೆಯೇ ಲೀಸ ಮೈಟ್ನರ್.

ಲೀಸ 1878ರಲ್ಲಿ ವಿಯನ್ನಾ ನಗರದ ಒಬ್ಬ ವಕೀಲರ ಮಗಳಾಗಿ ಜನಿಸಿದರು. ಯಹೂದಿ ಮನೆತನ; ಎಂಟು ಮಕ್ಕಳಲ್ಲಿ ಈಕೆ ಮೂರನೆಯವರು. ಅಂದು ಅಲ್ಲಿ ಹೆಣ್ಣುಮಕ್ಕಳ ಶಾಲೆ 14ನೆಯ ವಯಸ್ಸಿಗೆ ಮುಗಿಯುತ್ತಿತ್ತು. ವಿಶ್ವವಿದ್ಯಾನಿಲಯದ ಬಾಗಿಲು ಸ್ತ್ರೀಯರಿಗೆ ತೆರೆದ ಮೇಲೆ, ತಪ್ಪಿಹೋದ ವರ್ಷಗಳ ಪಾಠವನ್ನೆಲ್ಲ ಖಾಸಗಿಯಾಗಿ ಕಲಿತು 1901ರಲ್ಲಿ ಒಳಗೆ ಕಾಲಿಟ್ಟರು. ಬೋಲ್ಟ್ಸ್‌ಮನ್ ಅವರ ಶಿಷ್ಯೆಯಾಗಿ ಭೌತಶಾಸ್ತ್ರದಲ್ಲಿ 1906ರಲ್ಲಿ ಡಾಕ್ಟರೇಟ್ ಪಡೆದರು.

1907ರಲ್ಲಿ ಬರ್ಲಿನ್ನಿಗೆ ಹೋದಾಗ ಅಲ್ಲಿ ಆಟೋ ಹಾನ್ ಎಂಬ ತರುಣ ರಸಾಯನಜ್ಞರ ಪರಿಚಯವಾಯಿತು. ಇಬ್ಬರೂ ಕೂಡಿ ದುಡಿಯಲು ಮನಸ್ಸು ಮಾಡಿದರು. ಆದರೆ ಆ ರಸಾಯನ ಸಂಸ್ಥೆಯೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಕಡೆಗೆ ನೆಲಮಾಳಿಗೆಯಲ್ಲಿದ್ದ ಬಡಗಿಯ ಕೋಣೆಯೊಂದನ್ನು ಕೊಟ್ಟರು. ಅದಕ್ಕೆ ಹೊರಗಿನಿಂದ ಬೇರೆ ಬಾಗಿಲಿತ್ತು. ಮೇಲಿನ ಮಹಡಿಗೆ ಹೋಗುವಂತಿಲ್ಲ, ಸಂಬಳವೂ ಇಲ್ಲ. ತೌರಿನಿಂದ ಬರುತ್ತಿದ್ದ ಹಣದಲ್ಲಿ ದಿನ ಕಳೆದರು.

ಅವರು ಅರಸಿದ್ದೇನೆಂಬುದನ್ನು ತಿಳಿಯಲು ಚಿಕ್ಕ ಲೆಕ್ಕವೊಂದು ಸಾಕು. ಪರಮಾಣುವಿನ ಬೀಜದಲ್ಲಿರುವ ಪ್ರೋಟಾನುಗಳ ಸಂಖ್ಯೆಯೇ ಮೂಲವಸ್ತುವಿನ ಗುರುತು. ಬೀಜವು ಆಲ್ಫಾ ಕಣವನ್ನು ಹೊರಚೆಲ್ಲಿದರೆ ಆ ಸಂಖ್ಯೆ ಎರಡು ಇಳಿಯುತ್ತದೆ. ಬೀಟಾ ಕಣವನ್ನು, ಎಂದರೆ ಎಲೆಕ್ಟ್ರಾನನ್ನು, ಚೆಲ್ಲಿದರೆ ಒಂದು ಏರುತ್ತದೆ. ಆಕ್ಟಿನಿಯಂ 89ನೆಯದು. ಅದನ್ನು ಹೆರುವ ತಾಯಿ 91ನೆಯ ಮನೆಯಲ್ಲಿರಬೇಕೆಂದು ಊಹಿಸಿ, ಮಹಾಯುದ್ಧದ ನಡುವೆಯೇ ಹುಡುಕಿ, 1918ರಲ್ಲಿ ಪ್ರೋಟಾಕ್ಟಿನಿಯಮ್ಮಿನ ದೀರ್ಘಾಯು ರೂಪವನ್ನು ಪ್ರಕಟಿಸಿದರು. ಅದರ ಅರ್ಧಾಯುಷ್ಯ ಸುಮಾರು 33 ಸಾವಿರ ವರ್ಷ. ಅಷ್ಟು ಕಾಲ ಕಳೆದರೆ ಇದ್ದುದರಲ್ಲಿ ಅರ್ಧ ಉಳಿದಿರುತ್ತದೆ, ಮತ್ತಷ್ಟು ಕಾಲಕ್ಕೆ ಅದರಲ್ಲೂ ಅರ್ಧ. ಹಾನ್ ಸೈನ್ಯದಲ್ಲಿದ್ದುದರಿಂದ ಈ ಕೆಲಸದ ಬಹುಭಾಗ ಲೀಸರ ಕೈಯಿಂದಲೇ ಆಯಿತು.

1926ರಲ್ಲಿ ಪ್ರಾಧ್ಯಾಪಕ ಪದವಿ ಬಂದಿತು. 1933ರಲ್ಲಿ ಹಿಟ್ಲರನ ಆಡಳಿತ ಬಂದು ಪಾಠ ಹೇಳುವ ಹಕ್ಕನ್ನು ಕಿತ್ತುಕೊಂಡಿತು. ಆಸ್ಟ್ರಿಯಾದ ಪ್ರಜೆಯೆಂಬ ರಕ್ಷೆಯಿಂದ ಪ್ರಯೋಗಶಾಲೆ ಮಾತ್ರ ಉಳಿದಿತ್ತು. 1938ರ ಮಾರ್ಚಿಯಲ್ಲಿ ಜರ್ಮನಿಯು ಆಸ್ಟ್ರಿಯಾವನ್ನು ನುಂಗಿದಾಗ ಆ ರಕ್ಷೆಯೂ ಹೋಯಿತು. ಜುಲೈ ತಿಂಗಳಲ್ಲಿ ಡಚ್ ವಿಜ್ಞಾನಿ ಡಿರ್ಕ್ ಕಾಸ್ಟರ್ ಅವರ ನೆರವಿನಿಂದ ರೈಲಿನಲ್ಲಿ ಗಡಿ ದಾಟಿದರು. ಕೈಯಲ್ಲಿದ್ದುದು 10 ಮಾರ್ಕ್ ಹಣ. ಜೊತೆಗೆ, ಆಪತ್ತಿಗಿರಲೆಂದು ಹಾನ್ ಕೊಟ್ಟಿದ್ದ ಅವರ ತಾಯಿಯ ವಜ್ರದುಂಗುರ. ಆಗ ಲೀಸರಿಗೆ 59 ವರ್ಷ. ಸ್ಟಾಕ್‌ಹೋಮಿನಲ್ಲಿ ನೆಲೆಯೇನೋ ದೊರಕಿತು, ಉಪಕರಣಗಳು ದೊರಕಲಿಲ್ಲ.

ಯುರೇನಿಯಮ್ಮಿಗೆ ನ್ಯೂಟ್ರಾನುಗಳನ್ನು ಹೊಡೆದರೆ 92ಕ್ಕೂ ಮೇಲಿನ ಹೊಸ ಮೂಲವಸ್ತುಗಳು ಹುಟ್ಟುವುವೆಂದು ಆಗ ಎಲ್ಲರೂ ನಂಬಿದ್ದರು, ಲೀಸರೂ ನಂಬಿದ್ದರು. ಆ ಡಿಸೆಂಬರಿನಲ್ಲಿ ಹಾನ್ ಅವರಿಂದ ಕಾಗದ ಬಂದಿತು. ತಾನೂ ಸ್ಟ್ರಾಸ್‌ಮನ್ನರೂ ರೇಡಿಯಂ ಎಂದು ಭಾವಿಸಿದ್ದ ವಸ್ತುವು ಬೇರಿಯಮ್ಮಿನಿಂದ ಏನು ಮಾಡಿದರೂ ಬೇರ್ಪಡುವುದಿಲ್ಲ, ಇದು ಬೇರಿಯಮ್ಮೇ ಇರಬೇಕು, ಕಾರಣ ತಿಳಿಯದು ಎಂಬುದು ಅದರ ಸಾರಾಂಶ. ರೇಡಿಯಂ 88ನೆಯದು, ಬೇರಿಯಂ 56ನೆಯದು. 92ರಿಂದ 56ಕ್ಕೆ ಇಳಿಯುವುದೆಂದರೇನು!

ಕ್ರಿಸ್‌ಮಸ್ ರಜೆಗೆ ಲೀಸ ಸ್ವೀಡನ್ನಿನ ಕುಂಗೆಲ್ವ್ ಎಂಬ ಊರಿನಲ್ಲಿದ್ದರು. ಅಲ್ಲಿಗೆ ಬಂದಿದ್ದ ಅಕ್ಕನ ಮಗ ಆಟೋ ಫ್ರಿಶ್ ಕೂಡ ಭೌತವಿಜ್ಞಾನಿ. ಹಿಮದಲ್ಲಿ ನಡೆಯುತ್ತ ಇಬ್ಬರೂ ಈ ಒಗಟನ್ನೇ ಚರ್ಚಿಸಿ, ಬಿದ್ದ ಮರದ ದಿಮ್ಮಿಯ ಮೇಲೆ ಕುಳಿತು ಚೂರು ಕಾಗದದಲ್ಲಿ ಲೆಕ್ಕ ಹಾಕಿದರು. ಬೀಜವು ನೀರಿನ ಹನಿಯಂತೆ. ನ್ಯೂಟ್ರಾನ್ ಸೇರಿದಾಗ ಅದು ಅಲುಗಾಡಿ, ನಡು ಸಣ್ಣಗಾಗಿ, ಎರಡು ಹನಿಯಾಗಬಾರದೇಕೆ? ಒಂದು ತುಂಡು 56ನೆಯ ಬೇರಿಯಂ ಆದರೆ ಇನ್ನೊಂದು 36ನೆಯ ಕ್ರಿಪ್ಟಾನ್; ಕೂಡಿದರೆ ಸರಿಯಾಗಿ 92. ತುಂಡುಗಳೆರಡರ ತೂಕ ಮೂಲದ ತೂಕಕ್ಕಿಂತ ಪ್ರೋಟಾನಿನ ಐದರಲ್ಲೊಂದು ಪಾಲಿನಷ್ಟು ಕಡಿಮೆ. ಐನ್‌ಸ್ಟೈನರ ಸೂತ್ರದಂತೆ ಆ ಕೊರತೆಯೇ 20 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಇಂಗಾಲದ ಒಂದು ಪರಮಾಣು ಉರಿದಾಗ ಬರುವುದು ಸುಮಾರು 4!

ಹಾನ್ ಮತ್ತು ಸ್ಟ್ರಾಸ್‌ಮನ್ನರ ಲೇಖನ 1939ರ ಜನವರಿಯಲ್ಲಿ ಹೊರಬಂದಿತು. ಅದರ ಕರ್ತೃಗಳಲ್ಲಿ ಲೀಸರ ಹೆಸರಿಲ್ಲ. ದೇಶಬಿಟ್ಟು ಹೋದ ಯಹೂದಿಯ ಹೆಸರನ್ನು ಸೇರಿಸುವುದು ಅಂದಿನ ಜರ್ಮನಿಯಲ್ಲಿ ಆಗದ ಮಾತು. ಲೀಸ ಮತ್ತು ಫ್ರಿಶ್ ತಮ್ಮ ವಿವರಣೆಯನ್ನು ಫೆಬ್ರವರಿಯಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದರು. ವಿದಳನ ಎಂಬ ಹೆಸರು ಬಂದುದು ಅದರಿಂದಲೇ. ಆದರೆ 1944ನೆಯ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಹಾನ್ ಒಬ್ಬರಿಗೇ ಸಂದಿತು. ಹಾನ್ ಅವರ ಪ್ರಯೋಗ ಕುಶಲತೆಯಲ್ಲಿ ಸಂದೇಹವಿಲ್ಲ. ಮೂವತ್ತು ವರ್ಷ ಕೂಡಿ ದುಡಿದವರನ್ನು ಹೀಗೆ ಬೇರ್ಪಡಿಸಿದ್ದು ಮಾತ್ರ ಈ ಲೇಖಕನಿಗೆ ಒಪ್ಪಿಗೆಯಾಗದು.

ಯುದ್ಧಕಾಲದಲ್ಲಿ ಬಾಂಬಿನ ಕೆಲಸಕ್ಕೆ ಕರೆ ಬಂದಾಗ ಲೀಸ ಒಪ್ಪಲಿಲ್ಲ. ಹಾನ್ ಅವರೊಡನೆ ಸ್ನೇಹವನ್ನು ಕಡಿದುಕೊಳ್ಳಲೂ ಇಲ್ಲ. ನಾಜಿಗಳ ಕಾಲದಲ್ಲಿ ಜರ್ಮನಿಯ ವಿಜ್ಞಾನಿಗಳು ಸುಮ್ಮನಿದ್ದುದನ್ನು ಮಾತ್ರ ಕಾಗದದಲ್ಲಿ ಕಟುವಾಗಿ ಬರೆದರು. 1966ರಲ್ಲಿ ಅಮೆರಿಕದ ಫರ್ಮಿ ಪಾರಿತೋಷಕವನ್ನು ಹಾನ್, ಸ್ಟ್ರಾಸ್‌ಮನ್ ಮತ್ತು ಲೀಸ ಮೂವರಿಗೂ ಕೂಡಿಯೇ ಕೊಟ್ಟರು. 1968ರ ಜುಲೈಯಲ್ಲಿ ಹಾನ್ ತೀರಿಕೊಂಡರು. ಅದೇ ಅಕ್ಟೋಬರ್ 27ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಲೀಸರೂ ಕಣ್ಣುಮುಚ್ಚಿದರು. ಬ್ರಾಮ್ಲಿ ಎಂಬ ಹಳ್ಳಿಯಲ್ಲಿ ತಮ್ಮನ ಸಮಾಧಿಯ ಬಳಿ ಆಕೆಯ ಸಮಾಧಿಯಿದೆ. 1997ರಲ್ಲಿ 109ನೆಯ ಮೂಲವಸ್ತುವಿಗೆ ಮೈಟ್ನೇರಿಯಂ ಎಂದು ಹೆಸರಿಟ್ಟರು.