ಆಟಕ್ಕೆ ಪಾಠದ ಗೌರವ ತಂದ ಫ್ರೋಬೆಲ್

ಶಾಲೆಗೆ ರಜೆ ಬಿತ್ತೆಂದರೆ ಪುಟ್ಟ ಮಕ್ಕಳನ್ನು ಮನೆಯಲ್ಲಿ ಹಿಡಿದಿಡುವುದು ಹೇಗೆಂಬ ಚಿಂತೆ ಹೆತ್ತವರನ್ನು ಕಾಡುತ್ತದೆ. ಎಳೆಯ ಕೈಗಳಿಗೆ ತಕ್ಕ ಕೆಲಸ ಕೊಟ್ಟರೆ ಮನಸ್ಸು ತಾನಾಗಿ ಅರಳುತ್ತದೆ ಎಂಬುದನ್ನು ಸುಮಾರು ಎರಡು ಶತಮಾನಗಳ ಹಿಂದೆಯೇ ಮನಗಂಡವರು ಜರ್ಮನಿಯ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್. ನಮ್ಮ ಎಲ್‌ಕೆಜಿ, ಯುಕೆಜಿಗಳಲ್ಲಿರುವ ‘ಕೆಜಿ’ ಅವರು ಇಟ್ಟ ಹೆಸರಿನ ಸಂಕ್ಷಿಪ್ತ ರೂಪ.

ಫ್ರೋಬೆಲ್ ಜನಿಸಿದ್ದು 1782ರ ಏಪ್ರಿಲ್ 21ರಂದು, ಥುರಿಂಗಿಯಾದ ಓಬರ್‌ವೈಸ್‌ಬಾಖ್ ಗ್ರಾಮದಲ್ಲಿ. ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ಪಾದ್ರಿಯಾಗಿದ್ದ ತಂದೆಗೆ ಬಿಡುವಿರಲಿಲ್ಲ. ಮಲತಾಯಿಯ ಅಕ್ಕರೆ ದಕ್ಕಲಿಲ್ಲ. ಒಂಟಿ ಬಾಲಕನಿಗೆ ಗಿಡಮರಗಳೇ ಒಡನಾಡಿಗಳಾದವು. ಸುಮಾರು 10ನೇ ವಯಸ್ಸಿನಲ್ಲಿ ಸೋದರಮಾವನ ಮನೆ ಸೇರಿದ ಮೇಲಷ್ಟೇ ಅವರಿಗೆ ಪ್ರೀತಿಯ ಆಸರೆ ದೊರೆಯಿತು.

ಅರಣ್ಯಾಧಿಕಾರಿಯೊಬ್ಬರ ಬಳಿ ಕೆಲಸ ಕಲಿತು, ಯೇನಾ ವಿಶ್ವವಿದ್ಯಾಲಯದಲ್ಲಿ ಓದಿದ ಅವರು 1805ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಧ್ಯಾಪಕರಾದರು. 1808ರಿಂದ 1810ರವರೆಗೆ ಸ್ವಿಟ್ಜರ್ಲೆಂಡಿನಲ್ಲಿ ಪೆಸ್ಟಾಲಜಿಯವರ ಶಾಲೆಯಲ್ಲಿದ್ದು ಅವರ ಬೋಧನಾ ಪದ್ಧತಿಯನ್ನು ಅಭ್ಯಸಿಸಿದರು. ಮುಂದೆ ಬರ್ಲಿನ್ನಿನಲ್ಲಿ ಹರಳುಗಳ ರಚನೆಯ ಅಧ್ಯಯನದಲ್ಲಿ ತೊಡಗಿದ್ದು, ಸರಳ ಆಕಾರಗಳ ಬಗೆಗಿನ ಅವರ ಚಿಂತನೆಗೆ ತಳಹದಿಯಾಯಿತು. 1817ರಲ್ಲಿ ಕೈಲ್‌ಹೌ ಗ್ರಾಮದಲ್ಲಿ ಶಾಲೆ ಆರಂಭಿಸಿದರು.

ಬಾಡ್ ಬ್ಲಾಂಕೆನ್‌ಬುರ್ಗಿನಲ್ಲಿ 1837ರಲ್ಲಿ ನೆಲೆನಿಂತ ಮೇಲೆ ಅವರ ಆಟಿಕೆಗಳು ರೂಪುತಳೆದವು. ‘ಉಡುಗೊರೆ’ಗಳೆಂದು ಕರೆದ ಇವುಗಳಲ್ಲಿ ಮೊದಲನೆಯದು ಬಣ್ಣದ ಉಣ್ಣೆಯ 6 ಚೆಂಡುಗಳು, ಎರಡನೆಯದು ಮರದ ಗೋಳ, ಉರುಳೆ ಹಾಗೂ ಘನ, ಮೂರನೆಯದು 8 ಚಿಕ್ಕ ಘನಗಳಾಗಿ ಬಿಡಿಸಬಹುದಾದ ಒಂದು ಘನ. ಕಟ್ಟುವಾಗ ಎಲ್ಲ ತುಂಡುಗಳನ್ನೂ ಬಳಸಬೇಕು, ಆಟ ಮುಗಿದಾಗ ಮತ್ತೆ ಒಂದುಗೂಡಿಸಿ ಪೆಟ್ಟಿಗೆಗೆ ಸೇರಿಸಬೇಕು. ಬಿಡಿಗೂ ಇಡಿಗೂ ಇರುವ ನಂಟು ಹೀಗೆ ಬೆರಳುಗಳಿಗೇ ತಿಳಿಯುತ್ತಿತ್ತು. ಕಾಗದ ಮಡಿಸುವುದು, ಹೆಣೆಯುವುದು, ಜೇಡಿಮಣ್ಣಿನ ಗೊಂಬೆ, ನೆನೆಸಿದ ಬಟಾಣಿಗೆ ಕಡ್ಡಿ ಚುಚ್ಚಿ ಮನೆ ಕಟ್ಟುವುದು ಕೂಡ ಈ ಪದ್ಧತಿಯ ಭಾಗ.

1840ರಲ್ಲಿ ತಮ್ಮ ಸಂಸ್ಥೆಗೆ ಅವರಿಟ್ಟ ಹೆಸರು ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ. ಮಗುವಿನ ಮೊದಲ ಗುರು ತಾಯಿಯೇ ಎಂದು ನಂಬಿದ್ದ ಅವರು 1844ರಲ್ಲಿ ತಾಯಂದಿರಿಗಾಗಿ ಹಾಡು, ಬೆರಳಾಟಗಳ ಸಚಿತ್ರ ಪುಸ್ತಕ ಪ್ರಕಟಿಸಿದರು.

ಬಾಳಿನ ಸಂಜೆಯಲ್ಲಿ ಕಾದಿದ್ದು ಕಹಿ. ನಾಸ್ತಿಕತೆ ಮತ್ತು ಸಮಾಜವಾದವನ್ನು ಬಿತ್ತುತ್ತವೆಂದು ಆರೋಪಿಸಿ ಪ್ರಷ್ಯಾ ಸರ್ಕಾರ 1851ರ ಆಗಸ್ಟ್‌ನಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಸಮಾಜವಾದಿಯಾಗಿದ್ದ ಸೋದರನ ಮಗ ಕಾರ್ಲ್‌ನ ಬರಹಗಳನ್ನು ತಮ್ಮ ತಲೆಗೆ ಕಟ್ಟಲಾಗಿದೆ ಎಂಬ ಅವರ ಮನವಿಗೆ ಮನ್ನಣೆ ಸಿಗಲಿಲ್ಲ. 1852ರ ಜೂನ್ 21ರಂದು ಅವರು ನಿಧನರಾದಾಗಲೂ ನಿಷೇಧ ಜಾರಿಯಲ್ಲಿತ್ತು. ಅದು ತೆರವಾದದ್ದು 1860ರಲ್ಲಿ.

ಆ ವೇಳೆಗೆ ಶಿಷ್ಯೆಯರು ಅವರ ಪದ್ಧತಿಯನ್ನು ಹೊರನಾಡುಗಳಿಗೆ ಒಯ್ದಿದ್ದರು. 1876ರಲ್ಲಿ ಫಿಲಡೆಲ್ಫಿಯಾದ ವಸ್ತುಪ್ರದರ್ಶನದಲ್ಲಿ ಈ ಆಟಿಕೆಗಳನ್ನು ಕಂಡ ತಾಯಿಯೊಬ್ಬರು ತಮ್ಮ ಮಗನಿಗಾಗಿ ಮನೆಗೆ ತಂದರು. ಆ ಬಾಲಕನೇ ಮುಂದೆ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್. ಆ ಮರದ ತುಂಡುಗಳ ಋಣವನ್ನು ರೈಟ್ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ತಾಯಿಯ ಮಡಿಲು ಕಾಣದೆ ಬೆಳೆದವರು ಲೋಕದ ಮಕ್ಕಳಿಗೆಲ್ಲ ಆಟದ ತೋಟ ನೆಟ್ಟುಹೋದರು. ಅದರಲ್ಲಿ ಒಂದಿಷ್ಟನ್ನು ಮನೆಯಂಗಳಕ್ಕೆ ತರಲು ದುಬಾರಿ ಆಟಿಕೆಗಳೇ ಬೇಕೆಂದಿಲ್ಲ. ಹಳೆಯ ಕಾಗದ, ಹಿಡಿ ಮಣ್ಣು, ನೆನೆಸಿದ ಬಟಾಣಿ ಮತ್ತು ಜೊತೆಗೆ ಕುಳಿತುಕೊಳ್ಳುವ ಹಿರಿಯರೊಬ್ಬರಿದ್ದರೆ ಸಾಕು.